ಪಂಪಿನ ಬಳಿ ನಿಂತವರು

ಗಾಡಿ ಬೇಕರಿಯ ಹಿಂದಿನ ಓಣಿಯಲ್ಲಿ ನಿಂತಿತ್ತು. ಅದರ ಬೆನ್ನ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಜೆಟ್ ಪಂಪು, ಪಂಪಿನ ಪಕ್ಕ ಹೋಸ್ ಪೈಪು ಸುತ್ತಿದ ದೊಡ್ಡ ರೀಲು. ಕಟ್ಟಿಕೊಂಡ ಚರಂಡಿ ಪೈಪುಗಳೊಳಗೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿ ಬಿಡಿಸಿಕೊಡುವುದು ಗಂಡಹೆಂಡಿರಿಬ್ಬರ ಕೆಲಸ. ಗಂಡ ಚರಂಡಿ ಗುಂಡಿಯ, ಅಂದರೆ ಚೇಂಬರಿನ, ಬಾಯಿಯ ಬಳಿ ಮಂಡಿಯೂರಿ ಹೋಸ್ ಹಿಡಿಯುತ್ತಿದ್ದ, ಹೆಂಡತಿ ಗಾಡಿಯ ಬಳಿ ನಿಂತು ಪಂಪು ನೋಡಿಕೊಳ್ಳುತ್ತಿದ್ದಳು. ಇಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ಅವನು ಕುತ್ತಿಗೆಗೆ ಸೀಟಿ ಕಟ್ಟಿಕೊಂಡಿದ್ದ. ಒಂದು ಸಲ ಊದಿದರೆ ನೀರು ಬಿಡಬೇಕು, ಎರಡು ಸಲ ಊದಿದರೆ ನಿಲ್ಲಿಸಬೇಕು. ಆರು ವರ್ಷದಿಂದ ಹೀಗೇ ನಡೆದಿತ್ತು. ಬೀದಿಯವರು ಅವನನ್ನು ಜೆಟ್ಟಣ್ಣ ಎಂದು ಕರೆಯುತ್ತಿದ್ದರು. ಅವಳನ್ನು ಜೆಟ್ಟಣ್ಣನ ಹೆಂಡತಿ ಅನ್ನುತ್ತಿದ್ದರು, ಅಷ್ಟೆ.

ಆ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಕೆಲಸ ಮುಗಿಯುತ್ತ ಬಂದಿತ್ತು. ಪೈಪಿನೊಳಗಿನ ಜಿಡ್ಡು ಒಡೆದು ಹಳದಿ ನೀರು ಗುಳುಗುಳು ಎಂದು ಚೇಂಬರಿಗೆ ಇಳಿಯುತ್ತಿತ್ತು. ಗಂಡ ಹೋಸನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅದರ ತುದಿಯಲ್ಲಿ ನೀರು ಚಿಮ್ಮಿಸುವ ನಾಜಲ್ ಇತ್ತು. ನಾಜಲ್‌ನಿಂದ ಒಂದು ಮಾರು ಈಚೆಗೆ ಕೆಂಪು ಟೇಪು ಸುತ್ತಿತ್ತು. ಟೇಪು ಕಂಡಿತೆಂದರೆ ನಾಜಲ್ ಬಾಯಿಗೆ ಬಂತೆಂದು ಲೆಕ್ಕ, ನೀರು ನಿಲ್ಲಿಸಲೇಬೇಕು.

ಆಗಲೇ ಹೆಂಡತಿಯ ಫೋನು ಹೊಡೆದುಕೊಂಡಿತು. ಯಾರದೋ ಬಚ್ಚಲಿನಲ್ಲಿ ನೀರು ವಾಪಸು ಉಕ್ಕುತ್ತಿತ್ತಂತೆ. ಆ ಕಡೆಯ ದನಿ ಅಳುವುದೊಂದು ಬಾಕಿ. ಅವಳು ಒಂದು ಕಿವಿ ಮುಚ್ಚಿಕೊಂಡು, ಇಂಜಿನ್‌ಗೆ ಬೆನ್ನು ಮಾಡಿ, "ಅಡ್ರೆಸ್ ಹೇಳಿ ಮೊದ್ಲು, ಅಡ್ರೆಸ್!" ಎಂದು ಕೂಗಿದಳು.

ಸೀಟಿ ಎರಡು ಸಲ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಊದಿದ ತಕ್ಷಣ ನೀರು ನಿಲ್ಲುವುದೇ ರೂಢಿಯಾಗಿದ್ದರಿಂದ ಗಂಡ ಕಾಯದೆ ಇನ್ನೊಂದು ಎಳೆತ ಎಳೆದುಬಿಟ್ಟ. ನಾಜಲ್ ಹೊರಗೆ ಬಿದ್ದು ಗಿರ್ರನೆ ತಿರುಗಿತು. ಗೋಡೆಗೆ ಬಡಿಯಿತು, ಅವನ ಬಲಗೈಗೆ ಬಡಿಯಿತು. ಅವನ ಕೂಗು ಕೇಳಿ ಅವಳು ತಿರುಗಿದಳು, ಫೋನು ಬಿಸಾಡಿ ಪಂಪು ನಿಲ್ಲಿಸಿದಳು.

"ಏನಾಗಿಲ್ಲ, ಏನಾಗಿಲ್ಲ" ಎನ್ನುತ್ತ ಅವನು ಗ್ಲೌಸು ಕಳಚಿದ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಕೆಂಪು ಚುಕ್ಕೆ ಇತ್ತು. ರಕ್ತವೂ ಇರಲಿಲ್ಲ.

"ಸೊಳ್ಳೆ ಕಚ್ಚಿದ ಹಾಗಿದೆ ಕಣೇ. ಹೋಸ್ ಸುತ್ತು, ಮುಗಿಸ್ಬಿಡೋಣ."

ಅವಳಿಗೆ ಪಂಪು ಮಾರಿದ ಮನುಷ್ಯನ ಮಾತು ನೆನಪಾಯಿತು. ಅವನು ಎಲ್ಲ ಹೇಳಿಕೊಟ್ಟ ಮೇಲೆ ಕೊನೆಗೆ ಬೆರಳೆತ್ತಿ ಹೇಳಿದ್ದ: ಈ ನೀರು ಚರ್ಮದೊಳಗೆ ಹೋದ್ರೆ ಗಾಯ ಎಷ್ಟು ಚಿಕ್ಕದು ಅಂತ ನೋಡ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

"ಗಾಡಿ ಹತ್ತಿ" ಅಂದಳು.

"ಅರ್ಧ ಕೆಲಸ ಬಿಟ್ಟು..."

"ರೀ, ಗಾಡಿ ಹತ್ತಿ ಅಂದೆ!"

ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರೊಬ್ಬರು ಚುಕ್ಕೆ ನೋಡಿ, ಮುಲಾಮು ಹಚ್ಚಿ ಪಟ್ಟಿ ಹಾಕಲು ನರ್ಸಿಗೆ ಹೇಳಿದರು. ಅವಳು ಬಾಗಿಲಿಗೆ ಅಡ್ಡ ನಿಂತಳು. "ಮೇಡಂ, ಇದು ನಲ್ಲಿ ನೀರಲ್ಲ. ಇಟ್ಟಿಗೆಗೆ ಹಿಡಿದ್ರೆ ಇಟ್ಟಿಗೆ ತೂತಾಗತ್ತೆ. ಅದೂ ಚರಂಡಿಯೊಳಗಿಂದ ಬಂದ ನಾಜಲ್. ದೊಡ್ಡ ಡಾಕ್ಟರನ್ನ ಕರೀರಿ, ನಿಮ್ಮ ಕಾಲಿಗೆ ಬೀಳ್ತೀನಿ." ಅವಳ ಮೈಮೇಲಿನ ಕೊಳಚೆಯ ವಾಸನೆಗೋ ಗಲಾಟೆಗೋ, ಅಂತೂ ದೊಡ್ಡ ಡಾಕ್ಟರು ಬಂದರು. ಕೈ ಒತ್ತಿ ನೋಡಿದರು. ಅಷ್ಟರಲ್ಲಿ ಅಂಗೈ ಬನ್ನಿನಂತೆ ಉಬ್ಬಿತ್ತು. ಮಧ್ಯಾಹ್ನ ಒಂದು ಗಂಟೆಗೆ ಕೈ ಕುಯ್ದು ತೊಳೆದರು. ನೀರು ಮಣಿಕಟ್ಟಿನವರೆಗೆ ಹೋಗಿತ್ತು.

"ಸಂಜೆವರೆಗೆ ಕಾದಿದ್ರೆ ಬೆರಳುಗಳ ಆಸೆ ಬಿಡಬೇಕಿತ್ತು" ಎಂದರು ಡಾಕ್ಟರು. "ಈಗಲೂ ಎರಡು ಬೆರಳು ಎಷ್ಟು ಮಡಚುತ್ತವೆ ಅಂತ ಹೇಳೋಕಾಗಲ್ಲ. ತಿಂಗಳುಗಳೇ ಹಿಡೀಬಹುದು."

ಮಂಪರಿನಿಂದ ಎದ್ದ ಗಂಡ ಹೆಂಡತಿಯನ್ನು ಹತ್ತಿರ ಕರೆದ. "ಅಮ್ಮನ ಹತ್ರ ಫೋನ್ ವಿಷಯ ಎತ್ತಬೇಡ. ನಾನೇ ಅವಸರದಲ್ಲಿ ಎಳೆದೆ ಅಂತೀನಿ. ಎಳೆದಿದ್ದೂ ನಿಜ ತಾನೆ?"

ಅವಳು ಅವನ ಎಡಗೈ ಹಿಡಿದು ಕುಳಿತಳು.

ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಗಾಡಿ ನಿಲ್ಲಿಸುವಷ್ಟು ಜಾಗ. ಇರುವವರು ನಾಲ್ಕೇ ಜನ: ಗಂಡ, ಹೆಂಡತಿ, ಅತ್ತೆ, ಮತ್ತೆ ಹನ್ನೊಂದು ವರ್ಷದ ಮಗಳು. ಮಗಳು ಸುಮ್ಮನೆ ಕೂರುವವಳಲ್ಲವೆಂದು ಅತ್ತೆ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದರು.

ಮಗ ಕೈಯನ್ನು ಎದೆಗೆ ಕಟ್ಟಿಕೊಂಡು ಮನೆಗೆ ಬಂದ ದಿನ ಅತ್ತೆ ಅಳಲಿಲ್ಲ. ಬೇಳೆ ಬೇಯಿಸಿ, ಅನ್ನ ಮೆತ್ತಗೆ ಕಲಸಿ, ಚಮಚೆ ಹಿಡಿದು ಅವನೆದುರು ಕುಳಿತರು.

"ಅಮ್ಮ, ಎಡಗೈ ಚೆನ್ನಾಗೇ ಇದೆ. ನಾನೇ ತಿಂತೀನಿ."

"ನಿನ್ನ ಎಡಗೈ ಅನ್ನ ಮೂಗಿಗೆ ಹಾಕತ್ತೆ. ಬಾಯಿ ತೆಗಿ."

"ಅಪ್ಪ, ಆ ಅನ್ನಪ್ಪಾ, ಆ ಅನ್ನು!" ಎಂದು ಗುಬ್ಬಿ ಪಕ್ಕದಲ್ಲಿ ಕುಣಿದಳು.

"ನಿನ್ನ ಹೋಮ್‌ವರ್ಕ್ ಆಯ್ತೇನೇ?" ಎಂದು ಅಜ್ಜಿ ಗದರಿದರು. ಆಮೇಲೆ ಮಗನ ಮುಖ ನೋಡಿ ಮೆತ್ತಗೆ ಕೇಳಿದರು, "ಹೇಗಾಯ್ತೋ ಇದು? ಆರು ವರ್ಷ ಆಗದ್ದು ಈಗ ಹೇಗಾಯ್ತು?"

"ನಾನೇ ಅವಸರ ಮಾಡಿದೆ ಅಂದೆನಲ್ಲ."

"ನೀನು ಹುಟ್ಟಿದ್ದೇ ಹದಿನೈದು ದಿನ ತಡವಾಗಿ. ನಿನಗೆಲ್ಲಿಂದ ಬಂತೋ ಅವಸರ?"

ಸೊಸೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅತ್ತೆ ಅದನ್ನೇ ಮಾರನೆಯ ದಿನ ಕೇಳಿದರು, ಅದರ ಮಾರನೆಯ ದಿನವೂ ಕೇಳಿದರು. ಪ್ರತಿ ಸಲವೂ ಸೊಸೆಯ ಕೈಯಲ್ಲಿನ ಪಾತ್ರೆ ಸ್ವಲ್ಪ ಹೊತ್ತು ಸದ್ದು ನಿಲ್ಲಿಸುತ್ತಿತ್ತು.

ಫೋನು ಮಾತ್ರ ನಿಲ್ಲಲಿಲ್ಲ. ಸಿಂಕು ಕಟ್ಟಿಕೊಂಡಿದೆ, ಅಂಗಳ ತುಂಬ ನೀರು, ಮಗುವಿಗೆ ಸ್ನಾನ ಮಾಡಿಸೋಕಾಗ್ತಿಲ್ಲ. ಎಲ್ಲರಿಗೂ "ಒಂದು ವಾರ ಆಗತ್ತೆ" ಎಂದು ಹೇಳಿ ಹೇಳಿ ಅವಳಿಗೆ ಸಾಕಾಯಿತು. ಅದರ ಮೇಲೆ, ನಲವತ್ತು ಮನೆಗಳ ಒಂದು ವಸತಿ ಕಟ್ಟಡದವರು ವರ್ಷದ ಕೆಲಸವನ್ನೆಲ್ಲ ಇವರಿಗೇ ವಹಿಸಿದ್ದರು. ಮುಂದಿನ ಸೋಮವಾರ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಅಲ್ಲಿಂದ ಎರಡು ಸಲ ಹೇಳಿ ಕಳಿಸಿದರು.

ಊಟದ ಹೊತ್ತಿನಲ್ಲಿ ಸೊಸೆ ಹೇಳಿದಳು, "ಹೋಸ್ ನಾನು ಹಿಡೀತೀನಿ. ಪಂಪಿನ ಹತ್ರ ಒಬ್ಬರು ಸಿಕ್ಕಿದ್ರೆ ಸಾಕು."

ಅತ್ತೆ ತಟ್ಟೆಯಿಂದ ತಲೆಯೆತ್ತಿದರು. "ಮನೆಗೆ ಒಂದು ಕೈ ಹೋದದ್ದು ಸಾಲ್ದೇನಮ್ಮಾ?"

"ಅತ್ತೆ, ಗಾಡಿ ನಿಂತ್ರೆ ಮನೆ ನಿಲ್ಲತ್ತೆ."

"ನಿಲ್ಲಲಿ. ಗಂಜಿ ಕುಡಿಯೋಣ."

"ಅಜ್ಜಿ, ನಂಗೆ ಗಂಜಿ ಬೇಡ" ಎಂದಳು ಗುಬ್ಬಿ.

ಗಂಡ ತನ್ನ ಚಿಕ್ಕಪ್ಪನ ಮಗನಿಗೆ ಹೇಳಿಕಳಿಸಿದ. ಮೂವತ್ತು ದಾಟಿದ, ಎಮ್ಮೆ ಹೊರುವಂಥ ಆಳು. ಒಂದೇ ಒಂದು ಹೋಟೆಲಿನ ಚೇಂಬರಿನ ಮುಚ್ಚಳ ತೆಗೆದದ್ದು ನೋಡಿದ. ಗೋಡೆ ಹಿಡಿದು ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದ. ಸಂಜೆ ಫೋನು ಮಾಡಿ, ತನಗೆ ಬೆನ್ನುನೋವೆಂದು ಹೇಳಿದ.

"ಹೊಟ್ಟೆಯಿಂದ ಬೆನ್ನಿಗೆ ಹೇಗೆ ಹೋಯ್ತಂತೆ?" ಎಂದರು ಅತ್ತೆ. ಸ್ವಲ್ಪ ಹೊತ್ತು ಚಹಾ ಆರಿಸುತ್ತ ಕುಳಿತಿದ್ದು, ಯಾರ ಮುಖವನ್ನೂ ನೋಡದೆ ಕೇಳಿದರು, "ಆ ಪಂಪಿನ ಹತ್ರ ಏನು ಮಾಡಬೇಕು? ಹಚ್ಚೋದು, ಆರಿಸೋದು, ಅಷ್ಟೇ ತಾನೆ? ನಲವತ್ತು ವರ್ಷ ಒಲೆ ಹಚ್ಚಿ ಆರಿಸಿದ್ದೀನಿ."

ಮಗ ನಕ್ಕ. ಅಮ್ಮ ನಗಲಿಲ್ಲ.

ಮರುವಾರದ ಶುಕ್ರವಾರ ಬೆಳಿಗ್ಗೆ ಸೊಸೆ ಅತ್ತೆಯನ್ನು ಗಾಡಿಯ ಹಿಂದೆ ನಿಲ್ಲಿಸಿ ತೋರಿಸಿಕೊಟ್ಟಳು. ಇಲ್ಲಿ ಇಂಜಿನ್, ಇಲ್ಲಿ ಒತ್ತಡ ತೋರಿಸುವ ಮುಳ್ಳು, ಮುಳ್ಳು ಈ ಕೆಂಪು ಗೆರೆ ದಾಟಬಾರದು, ಈ ಹಿಡಿಕೆ ಕೆಳಗೆ ತಳ್ಳಿದರೆ ನೀರು ನಿಲ್ಲುತ್ತದೆ. ಅತ್ತೆ ಎಲ್ಲವನ್ನೂ ಒಂದೇ ಸಲಕ್ಕೆ ಹಿಡಿದರು. ಹಿಡಿಕೆಯನ್ನು ಹತ್ತು ಸಲ ಎತ್ತಿ ಇಳಿಸಿದರು.

"ಇಲ್ಲಿ ನಿಂತಾಗ ಬೇರೆ ಎಲ್ಲೂ ನೋಡಬಾರದು ಅತ್ತೆ. ನನ್ನನ್ನೇ ನೋಡ್ತಿರಬೇಕು."

"ಗೊತ್ತು ಬಿಡಮ್ಮ."

"ಗೊತ್ತಿಲ್ಲ. ನನಗೂ ಗೊತ್ತು ಅಂದ್ಕೊಂಡಿದ್ದೆ." ಅವಳು ಹಿಡಿಕೆಯನ್ನೇ ನೋಡುತ್ತ ಹೇಳಿದಳು. "ಅವತ್ತು ಅವರು ಸೀಟಿ ಊದಿದ್ರು. ನಾನು ಫೋನಲ್ಲಿದ್ದೆ. ಬೆನ್ನು ಮಾಡಿ ನಿಂತಿದ್ದೆ. ನನಗೆ ಕೇಳಿಸಲಿಲ್ಲ."

ಅತ್ತೆ ಹಿಡಿಕೆಯಿಂದ ಕೈ ತೆಗೆದರು. ಮೆಟ್ಟಿಲ ಮೇಲೆ ಕುಳಿತರು.

"ಯಾರ ಫೋನು?"

"ಯಾರೋ ಗಿರಾಕಿ. ಹೆಸರೂ ಗೊತ್ತಿಲ್ಲ."

ಅತ್ತೆ ಎದ್ದು ಒಳಗೆ ಹೋದರು. ಕೋಣೆಯಲ್ಲಿ ಮಗನೆದುರು ಅವರ ದನಿ ಏರಿದ್ದು ಹೊರಗಿದ್ದವಳಿಗೂ ಕೇಳಿಸಿತು.

"ದಿನಾ ಕೇಳಿದೆನಲ್ಲೋ! ಹೆತ್ತವಳ ಹತ್ರ ಸುಳ್ಳು ಹೇಳ್ತೀಯಾ?"

"ಸುಳ್ಳಲ್ಲ ಅಮ್ಮ. ಸೀಟಿ ಊದಿ, ನೀರು ನಿಂತಿತಾ ಅಂತ ನೋಡದೆ ಎಳೆದೆ. ಅದು ನನ್ನ ತಪ್ಪೇ."

"ಅವಳ ತಪ್ಪು?"

"ಅದೂ ಇದೆ. ಆದ್ರೆ ಎರಡು ನಿಮಿಷದಲ್ಲಿ ನನ್ನನ್ನ ಗಾಡಿಗೆ ಹತ್ತಿಸಿದವಳೂ ಅವಳೇ. ನಾನಂತೂ ಕೆಲಸ ಮುಗಿಸ್ತೀನಿ ಅಂತ ಕೂತಿದ್ದೆ. ಈ ಕೈ ಉಳಿದಿದ್ದು ಯಾರಿಂದ ಅಂತ ಡಾಕ್ಟರನ್ನೇ ಕೇಳು."

ಅತ್ತೆ ಯಾರನ್ನೂ ಕೇಳಲಿಲ್ಲ. ಸೊಸೆಯ ಜೊತೆ ಮಾತು ಬಿಟ್ಟರು. ಶನಿವಾರ, ಭಾನುವಾರ ಮನೆಯಲ್ಲಿ ಎಲ್ಲ ಮಾತೂ ಗುಬ್ಬಿಯ ಮೂಲಕವೇ ಓಡಾಡಿತು.

"ಗುಬ್ಬಿ, ನಿಮ್ಮಮ್ಮನಿಗೆ ಹೇಳು, ಅನ್ನ ಆಗಿದೆ ಅಂತ."

ಸೊಸೆ ನಿಂತಿದ್ದದ್ದು ಮೂರು ಅಡಿ ದೂರದಲ್ಲಿ.

"ಅಮ್ಮ, ಅನ್ನ ಆಗಿದೆಯಂತೆ."

"ಅಜ್ಜಿಗೆ ಹೇಳು, ಅವರೂ ಕೂತ್ಕೊಳ್ಳಲಿ ಅಂತ."

"ಅಜ್ಜಿ, ನೀನೂ ಕೂತ್ಕೋಬೇಕಂತೆ. ನನಗೆ ಬಾಯಿ ನೋಯ್ತಿದೆ, ನೀವಿಬ್ಬರೂ ಚೀಟಿ ಬರ್ಕೊಳ್ಳಿ."

ಮಗ ತಡೆಯಲಾರದೆ ನಕ್ಕ. ಅತ್ತೆಯ ತುಟಿಯ ಅಂಚೂ ಒಂದಿಷ್ಟು ಅಲುಗಿತು. ಆದರೂ ಮಾತು ಬರಲಿಲ್ಲ. ಭಾನುವಾರ ಮಧ್ಯಾಹ್ನ ಸೊಸೆ ಹಿತ್ತಿಲಿನಲ್ಲಿ ಗಂಡನ ಶರ್ಟು ಹಿಂಡುತ್ತಿದ್ದಾಗ ಅತ್ತೆ ಬಂದು ಶರ್ಟಿನ ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಹಿಂಡಿದರು. ಅತ್ತೆ ಅದನ್ನು ಕೊಡವಿ ಹಗ್ಗಕ್ಕೆ ಹಾಕಿ ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಸೊಸೆ ಒಬ್ಬಳೇ ಗಾಡಿಗೆ ನೀರು ತುಂಬಿಸುತ್ತಿದ್ದಳು. ಒಬ್ಬಳೇ ಹೋಗಿ ಏನು ಮಾಡುವುದೆಂದು ಅವಳಿಗೇ ತಿಳಿದಿರಲಿಲ್ಲ. ಬಾಗಿಲಲ್ಲಿ ಧಪ್ ಧಪ್ ಎಂದು ಸದ್ದಾಯಿತು. ಅತ್ತೆ ಮಗನ ರಬ್ಬರ್ ಬೂಟು ಹಾಕಿಕೊಂಡು, ಸಡಿಲಾದ ಕಡೆ ಹಳೇ ಕಾಲುಚೀಲ ತುರುಕಿಕೊಂಡು ಬರುತ್ತಿದ್ದರು.

"ಫೋನ್ ಕೊಡು" ಎಂದು ಕೈ ಚಾಚಿದರು. ಅದು ಮೂರು ದಿನಗಳ ಮೇಲೆ ಸೊಸೆಗೆ ಆಡಿದ ಮೊದಲ ಮಾತು.

ಸೊಸೆ ಕೊಟ್ಟಳು. ಅತ್ತೆ ಅದನ್ನು ಒಳಗೆ ಒಯ್ದು ಮಗನ ತೊಡೆಯ ಮೇಲೆ ಇಟ್ಟರು. "ಇನ್ಮೇಲೆ ಇದು ನಿನ್ನ ಕೆಲಸ. ಬಾಯಿ ಸರಿಯಾಗಿದೆ ತಾನೆ? ಮಾತಾಡು. ಹನ್ನೆರಡು ಗಂಟೆಗೆ ಅನ್ನಕ್ಕಿಡು. ನೀರು ಎರಡು ಪಾಲು."

"ಅಮ್ಮ, ನಾನು ಅಡುಗೆ..."

"ಚರಂಡಿ ತೊಳೆಯೋನಿಗೆ ಅಕ್ಕಿ ತೊಳೆಯೋದು ಕಷ್ಟವಾ?"

ಗಾಡಿಯನ್ನು ಸೊಸೆಯೇ ಓಡಿಸಿದಳು. ಅರ್ಧ ದಾರಿಯಲ್ಲಿ ಅತ್ತೆ ಹೇಳಿದರು, "ನನಗೆ ಇನ್ನೂ ಸಿಟ್ಟಿದೆ."

"ಇರಲಿ ಅತ್ತೆ."

"ಇರತ್ತೆ. ನೀನು ರಸ್ತೆ ನೋಡು."

ಆ ಕಟ್ಟಡದ ಹಿಂಭಾಗದಲ್ಲಿ ಕೊನೆಯ ಚೇಂಬರು ಒಣಗಿತ್ತು, ಅದಕ್ಕೆ ನೀರು ಕಳಿಸುವ ಮೇಲಿನ ಚೇಂಬರು ತುಂಬಿ ತುಳುಕುತ್ತಿತ್ತು. ಅಂದರೆ ನಡುವಿನ ಪೈಪಿನಲ್ಲೇ ಕಟ್ಟಿಕೊಂಡಿದೆ. ಸೊಸೆ ಕೆಳಗಿನ ಚೇಂಬರಿನ ಬಳಿ ಮಂಡಿಯೂರಿ ಪೈಪಿನ ಬಾಯಿಗೆ ನಾಜಲ್ ತೂರಿಸಿದಳು. ಸೀಟಿ ಬಾಯಿಗಿಟ್ಟುಕೊಂಡು ತಿರುಗಿ ನೋಡಿದಳು. ಕಿವಿಗೆ ಸದ್ದು ತಡೆಯುವ ದೊಡ್ಡ ಮುಚ್ಚಳ ಹಾಕಿಕೊಂಡು, ಕಾಲು ಅಗಲಿಸಿ, ಹಿಡಿಕೆಯ ಮೇಲೆ ಕೈಯಿಟ್ಟು ಅತ್ತೆ ನಿಂತಿದ್ದರು. ಆ ಮುಚ್ಚಳ ಹಾಕಿಕೊಂಡರೆ ಸೀಟಿ ಕೇಳಿಸುವುದು ಅಷ್ಟಕ್ಕಷ್ಟೆ. ಅದಕ್ಕೇ ಸೊಸೆ ಸೀಟಿಯ ಜೊತೆಗೆ ಕೈಯನ್ನೂ ಎತ್ತುವುದೆಂದು ಮಾತಾಗಿತ್ತು.

ಒಂದು ಸೀಟಿ. ಹೋಸು ಬಿಗಿಯಾಯಿತು. ನಾಜಲ್‌ನ ಹಿಂಬದಿಯ ತೂತುಗಳಿಂದ ಚಿಮ್ಮುವ ನೀರು ಹೋಸನ್ನು ತಾನೇ ಪೈಪಿನೊಳಗೆ ಎಳೆದುಕೊಂಡು ಹೋಗುತ್ತದೆ. ಅದು ಅವಳಿಗೆ ಗೊತ್ತಿತ್ತು. ಅಂಗೈಯಲ್ಲಿ ಆ ಎಳೆತ ಹೇಗಿರುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಹಗ್ಗ ಹಿಡಿದ ದನ ಜಗ್ಗಿದ ಹಾಗೆ ಜಗ್ಗಿತು. ಹದಿನೈದು ಅಡಿ ಒಳಗೆ ಹೋಗಿ ನಿಂತಿತು. ಅವಳು ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಪೈಪಿನೊಳಗೆ ಗಡಗಡ ಸದ್ದಾಯಿತು. ಆಮೇಲೆ ಎಲ್ಲ ಒಟ್ಟಿಗೇ ಬಂತು. ಮೇಣದಂತೆ ಗಟ್ಟಿಯಾದ ಜಿಡ್ಡಿನ ತುಂಡುಗಳು, ಕೂದಲ ಉಂಡೆ, ಒದ್ದೆ ಬಟ್ಟೆ, ಒಂದು ಮಗುವಿನ ಕಾಲುಚೀಲ. ಹಿಂದೆಯೇ ನಲವತ್ತು ಮನೆಗಳ ನೀರು ಧೋ ಎಂದು ಇಳಿಯಿತು.

ಈ ನಡುವೆ ಕಟ್ಟಡದ ಕಾವಲುಗಾರ ಅತ್ತೆಯ ಪಕ್ಕ ಬಂದು ನಿಂತಿದ್ದ. ಏನೋ ಕೇಳಿದ. ಅತ್ತೆ ತಿರುಗಲಿಲ್ಲ. ಅವನು ಈಚೆಗೆ ಬಂದು ಕೈ ಆಡಿಸಿದ. ಅತ್ತೆ ಕತ್ತು ಚಾಚಿ ಅವನ ಭುಜದ ಮೇಲಿಂದ ಸೊಸೆಯನ್ನು ನೋಡಿದರು. ಅವನು ಚಹಾದ ಲೋಟ ಹಿಡಿದು ಮುಖದ ಮುಂದೆ ತಂದ. ಅತ್ತೆ ಲೋಟವನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ಕೆಂಪು ಟೇಪು ಕಂಡು ಸೊಸೆ ಕೈಯೆತ್ತಿ ಸೀಟಿ ಊದಿದಳು. ಎರಡನೆಯ ಸೀಟಿ ಮುಗಿಯುವ ಮೊದಲೇ ಹೋಸು ಸೋತು ನೆಲಕ್ಕೆ ಬಿತ್ತು.

ಅತ್ತೆ ಇಂಜಿನ್ ಆರಿಸಿದರು, ಕಿವಿಯ ಮುಚ್ಚಳ ತೆಗೆದರು, ಕಾವಲುಗಾರನ ಕಡೆ ತಿರುಗಿದರು. "ಏನೋ ಕೇಳಿದ್ರಲ್ಲ?"

"ಅರ್ಧ ಗಂಟೆ ಆಯ್ತಮ್ಮ ಕೇಳಿ! ಚಹಾ ಬೇಕಾ ಅಂದೆ."

"ಈಗ ಕೊಡಿ. ಎರಡು ಲೋಟ. ನನ್ನ ಸೊಸೆಗೆ ಸಕ್ಕರೆ ಜಾಸ್ತಿ."

ಸೊಸೆ ಮಂಡಿಯ ಕೊಳೆ ಒರೆಸುತ್ತ ಅಲ್ಲೇ ಕುಳಿತಳು. ಅವಳ ಕಣ್ಣಲ್ಲಿ ನೀರು ಬಂತು. ಅತ್ತೆ ಬಂದು ಪಕ್ಕದಲ್ಲಿ ನಿಂತರು.

"ತೋಳು ನೋಯ್ತಿದೆಯಾ?"

"ಹೂಂ."

"ಮನೆಗೆ ಹೋಗಿ ಬಿಸಿನೀರು ಹಾಕ್ತೀನಿ" ಎಂದರು ಅತ್ತೆ.

ಹೀಗೆ ಎರಡು ವಾರ ನಡೆಯಿತು. ಬೆಳಿಗ್ಗೆ ಗಾಡಿ ಹೊರಡುತ್ತಿತ್ತು. ಮನೆಯಲ್ಲಿ ಜೆಟ್ಟಣ್ಣ ಫೋನು ನೋಡುತ್ತಿದ್ದ, ಎಡಗೈಯಲ್ಲಿ ಆಲೂಗಡ್ಡೆ ಹೆರೆಯಲು ಹೋಗಿ ಅರ್ಧ ಆಲೂಗಡ್ಡೆಯನ್ನೇ ಸಿಪ್ಪೆ ಮಾಡುತ್ತಿದ್ದ. ಅನ್ನ ಒಂದು ದಿನ ಕರಕಲಾಯಿತು, ಒಂದು ದಿನ ಗಂಜಿಯಾಯಿತು, ಮೂರನೆಯ ದಿನ ಅನ್ನವೇ ಆಯಿತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಹುಡುಗಿಯ ಬಳಿ ಹೋಗಿ, ಮಡಚದ ಎರಡು ಬೆರಳುಗಳನ್ನು ಬಿಸಿನೀರಿನಲ್ಲಿಟ್ಟು ಹಲ್ಲು ಕಚ್ಚಿ ಮಡಚುತ್ತಿದ್ದ. ಅವು ಮಡಚುತ್ತಿರಲಿಲ್ಲ.

ಸಂಜೆ ಅತ್ತೆ ಸೊಸೆ ನಗುತ್ತ ಮನೆಗೆ ಬರುತ್ತಿದ್ದರು. ಒಂದು ಬುಧವಾರ ದಾರಿಯಲ್ಲಿ ಯಾರೋ ಸೊಸೆಯನ್ನು "ಜೆಟ್ಟಕ್ಕ" ಎಂದು ಕರೆದದ್ದನ್ನು ಅತ್ತೆ ಎರಡು ಸಲ ಹೇಳಿದರು.

ಆ ಬುಧವಾರ ಊಟಕ್ಕೆ ಕುಳಿತಾಗಲೂ ಅವರ ಮಾತು ಮುಗಿದಿರಲಿಲ್ಲ.

"ಬೇರು ಬಂತು ನೋಡು, ಬೇರು! ಪೈಪ್ ಒಳಗೆ ಮರದ ಬೇರು, ಕುದುರೆ ಬಾಲದ ಹಾಗೆ" ಎಂದು ಅತ್ತೆ ಮಗನಿಗೆ ಕೈಯಗಲಿಸಿ ತೋರಿಸಿದರು. "ಇವಳು ಕತ್ತರಿಸೋ ನಾಜಲ್ ಹಾಕಿ..."

"ಯಾವ ನಾಜಲ್ ಅಂತ ನನಗೆ ಹೇಳಿಕೊಡ್ತೀಯಾ?" ಎಂದ ಮಗ.

"ಅಯ್ಯೋ, ಹೇಳಿಕೊಡೋದಲ್ವೋ..."

"ಉಪ್ಪು ಸಾಕಾ? ಅದನ್ನ ಹೇಳಿ. ನಾನು ಈಗ ಅಡುಗೆಭಟ್ಟ."

"ರೀ" ಎಂದಳು ಹೆಂಡತಿ.

"ಏನು ರೀ? ನಾನು ಕಟ್ಟಿದ ಕೆಲಸ. ನನ್ನ ಗಾಡಿ. ಇವತ್ತು ಬಟ್ಟೆಯ ಗುಂಡಿ ಹಾಕಿಕೊಳ್ಳೋಕೆ ಗುಬ್ಬಿ ಬೇಕು ನನಗೆ." ಅವನ ದನಿ ಏರಿತು. "ನೀನು ಒಂದು ಫೋನ್ ತೆಗೀದೆ ಇದ್ದಿದ್ರೆ! ಒಂದೇ ಒಂದು ಫೋನು! ಅದು ಎಲ್ಲಿಗೂ ಓಡಿಹೋಗ್ತಿರಲಿಲ್ಲ!"

ಗುಬ್ಬಿ ತುತ್ತು ಹಿಡಿದವಳು ಹಿಡಿದ ಹಾಗೇ ಕುಳಿತಳು. ಅವನಿಗೇ ತನ್ನ ಮಾತು ಕೇಳಿ ಗಾಬರಿಯಾಯಿತು. "ನಾನು... ಹಾಗಲ್ಲ..."

"ಹಾಗೇ" ಎಂದಳು ಹೆಂಡತಿ. ಅವಳ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತು. ಮುಖದಲ್ಲಿ ಮಾತ್ರ ಏನೋ ಹಗುರಾದ ಕಳೆ ಇತ್ತು. "ಹೇಳಿ. ಪೂರ್ತಿ ಹೇಳಿ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರು ಮೊದಲು ನನ್ನನ್ನ ಕಾಪಾಡೋ ಮಾತಾಡಿದ್ರಿ. ಅವತ್ತಿಂದ ಕಾಯ್ತಿದ್ದೀನಿ. ದಿನಾ ನಿಮ್ಮ ಕೈ ನೋಡ್ತೀನಿ, ನಿಮ್ಮ ಮುಖ ನೋಡ್ತೀನಿ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು."

ಅವನು ತಲೆ ತಗ್ಗಿಸಿ ಕುಳಿತ. ಮೆಲ್ಲಗೆ ಹೇಳಿದ, "ಸಿಟ್ಟು ಬಂದಿತ್ತು ಕಣೇ. ತುಂಬ ಬಂದಿತ್ತು. ನಿನ್ನ ಮೇಲೆ ಸಿಟ್ಟು ಮಾಡ್ಕೊಂಡ್ರೆ ಒಬ್ಬನೇ ಆಗಿಬಿಡ್ತೀನೇನೋ ಅಂತ ಹೆದರಿಕೆ ಆಯ್ತು."

ಅತ್ತೆ ಸೌಟು ತೆಗೆದು ಮಗನ ತಟ್ಟೆಗೆ ಬೇಳೆ ಹಾಕಿದರು, ಸೊಸೆಯ ತಟ್ಟೆಗೂ ಹಾಕಿದರು. "ಉಪ್ಪು ಸರಿಯಾಗಿದೆ" ಎಂದರು. "ಎರಡು ವಾರದಲ್ಲಿ ಇವತ್ತೇ ಸರಿಯಾಗಿರೋದು. ತಿನ್ನಿ."

ಊಟವಾದ ಮೇಲೆ ಹೆಂಡತಿ ಪಾತ್ರೆ ತೊಳೆಯಲು ನಿಂತಾಗ ಅವನೂ ಬಂದು ಪಕ್ಕದಲ್ಲಿ ನಿಂತ. ಅವಳು ತೊಳೆದು ಕೊಟ್ಟದ್ದನ್ನು ಎಡಗೈಯಲ್ಲಿ ಹಿಡಿದು, ಎದೆಗೊತ್ತಿಕೊಂಡು ಬಟ್ಟೆಯಿಂದ ಒರೆಸಿದ. ಶರ್ಟೆಲ್ಲ ಒದ್ದೆಯಾಯಿತು. ಒಂದು ಲೋಟ ಜಾರಿ ಬಿದ್ದು ಉರುಳಿತು.

"ಬಿಡಿ, ನಾನೇ ಮಾಡ್ತೀನಿ" ಎಂದಳು.

"ಬಿಡಲ್ಲ" ಎಂದ.

ಕೋಣೆಯಲ್ಲಿ ಗುಬ್ಬಿ ಅಜ್ಜಿಯನ್ನು ಪಿಸುದನಿಯಲ್ಲಿ ಕೇಳಿದಳು, "ಜಗಳ ಮುಗೀತಾ?"

"ಈಗ ಶುರುವಾಗಿ ಈಗ ಮುಗೀತು. ಇಷ್ಟು ದಿನ ಶುರುವೇ ಆಗಿರಲಿಲ್ಲ. ಮಲಗು."

ಏಳನೆಯ ವಾರಕ್ಕೆ ತೋರುಬೆರಳು ಅರ್ಧ ಮಡಚಿತು. ನಡುಬೆರಳು ಹಟ ಬಿಡಲಿಲ್ಲ. ಅದು ಇನ್ನು ಇಷ್ಟೇ ಇರಬಹುದೆಂದು ಡಾಕ್ಟರು ಹೇಳಿದರು. ಹೋಸಿನ ಎಳೆತಕ್ಕೆ ಆ ಹಿಡಿತ ಸಾಲದು, ಪಂಪಿನ ಹಿಡಿಕೆಗೆ ಧಾರಾಳ ಸಾಕು. ಹೆಂಡತಿ ಹೋಸ್ ಹಿಡಿಯುವುದು, ಗಂಡ ಪಂಪಿನ ಬಳಿ ನಿಲ್ಲುವುದು ಎಂದಾಯಿತು. ಯಾರೂ ಕೂತು ತೀರ್ಮಾನಿಸಲಿಲ್ಲ. ಒಂದು ಬೆಳಿಗ್ಗೆ ಅವನು ಬೂಟು ಹುಡುಕಿದ, ಅತ್ತೆ ಅದರೊಳಗಿನ ಕಾಲುಚೀಲ ತೆಗೆದುಕೊಟ್ಟರು.

"ಮುಳ್ಳು ಕೆಂಪು ಗೆರೆ ದಾಟಬಾರದು" ಎಂದರು.

"ಗೊತ್ತಮ್ಮ. ಆರು ವರ್ಷದ ಕೆಲಸ."

"ಆರು ವರ್ಷ ನೀನು ಚರಂಡಿ ಕಡೆ ಮುಖ ಮಾಡಿ ಕೂತಿದ್ದೆ. ಪಂಪ್ ನೋಡಿದ್ದು ನಾವು."

ಆ ದಿನ ಅವನು ಒಂದು ಹಳೆಯ ಮನೆಯ ಹಿತ್ತಿಲಿನಲ್ಲಿ ಹಿಡಿಕೆ ಹಿಡಿದು ನಿಂತು ಹೆಂಡತಿ ಕೆಲಸ ಮಾಡುವುದನ್ನು ಮೊದಲ ಸಲ ನೋಡಿದ. ಅವಳು ಬೆನ್ನು ಬಾಗಿಸಿ, ಹೋಸನ್ನು ತೊಡೆಗೆ ಒತ್ತಿ ಹಿಡಿದು, ಎಳೆದು, ಬಿಟ್ಟು, ತಲೆ ಓರೆ ಮಾಡಿ ಪೈಪಿನೊಳಗಿನ ಸದ್ದು ಆಲಿಸುತ್ತಿದ್ದಳು. ತೊಡೆಗೆ ಒತ್ತಿ ಹಿಡಿಯುವ ಉಪಾಯ ಅವನಿಗೆ ಆರು ವರ್ಷದಲ್ಲಿ ಹೊಳೆದಿರಲಿಲ್ಲ. ಅವಳ ಕೈಯೆದ್ದ ಕ್ಷಣಕ್ಕೆ ನೀರು ನಿಲ್ಲಿಸಿದ. ಹತ್ತಿರ ಹೋಗಿ ಎಬ್ಬಿಸಲು ಎಡಗೈ ಚಾಚಿದ. ಅವಳು ಅವನ ಬಲಗೈಯನ್ನೇ ಕೇಳಿ ಹಿಡಿದಳು. ಅದರಲ್ಲಿ ಹೆಚ್ಚು ಬಲವಿರಲಿಲ್ಲ. ಅವಳು ತನ್ನಷ್ಟಕ್ಕೇ ಎದ್ದಳು, ಆದರೆ ಕೈ ಬಿಡಲಿಲ್ಲ.

ಮನೆಯಲ್ಲಿ ಅತ್ತೆಗೆ ಹೊತ್ತು ಹೋಗುತ್ತಿರಲಿಲ್ಲ. ನೆಲ ಎರಡು ಸಲ ಒರೆಸಿದರು. ಗುಬ್ಬಿ ಶಾಲೆಯಿಂದ ಬಂದು, ಅಜ್ಜಿ ಫೋನನ್ನು ಮುಂದಿಟ್ಟುಕೊಂಡು, ಅದು ಯಾವಾಗ ಬಡಿದುಕೊಳ್ಳುತ್ತದೋ ಎಂದು ಕಾಯುತ್ತಿರುವುದನ್ನು ಕಂಡಳು. ಅಷ್ಟರಲ್ಲೇ ಅದು ಹೊಡೆದುಕೊಂಡಿತು.

"ಹೇಳಿ" ಎಂದರು ಅತ್ತೆ. "ಯಾವ ಕಡೆ ಕಟ್ಟಿಕೊಂಡಿದೆ, ಅಡುಗೆಮನೆಯೋ ಬಚ್ಚಲೋ? ಅಡುಗೆಮನೆಯಾ? ಕರಿದ ಎಣ್ಣೆ ಎಲ್ಲಿ ಸುರೀತೀರಿ? ಸಿಂಕಿಗಾ? ಹೂಂ, ಮತ್ತೆ ಕಟ್ಟಿಕೊಳ್ಳದೆ ಏನಾಗತ್ತೆ? ನಾಳೆ ಒಂಬತ್ತಕ್ಕೆ ನನ್ನ ಸೊಸೆ ಬರ್ತಾಳೆ."

ಆ ಕಡೆಯ ಗಂಡಸು ಏನೋ ಕೇಳಿದ. ಅತ್ತೆಯ ಬೆನ್ನು ನೆಟ್ಟಗಾಯಿತು.

"ಗಂಡಸರಾ? ಬರ್ತಾನೆ, ನನ್ನ ಮಗನೂ ಜೊತೆಗಿರ್ತಾನೆ. ಆದ್ರೆ ಹೋಸ್ ಹಿಡಿಯೋದು ಸೊಸೆನೇ. ನಿಮಗೆ ನೀರು ಹರೀಬೇಕೋ, ಮೀಸೆ ಬೇಕೋ?"

ಆ ಕಡೆಯವನು ವಿಳಾಸ ಹೇಳತೊಡಗಿದ. ಅತ್ತೆ ಗುಬ್ಬಿಯ ಪುಸ್ತಕದ ಹಿಂದಿನ ಹಾಳೆ ತೆರೆದು, ಅಕ್ಷರ ಒಂದೊಂದನ್ನೂ ಒತ್ತಿ ಒತ್ತಿ ಬರೆದುಕೊಂಡರು.